ಬೀಗ ಯಾರಿಗೆ ಹಾಕುತ್ತಿದ್ದೀರಿ ಮೇಷ್ಟ್ರೇ?

ಓದುಗರ ಪತ್ರ:

"ಮಾನ್ಯರೇ, ನಾನು ಹಾಸನ ಜಿಲ್ಲೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ಎರಡು ಬೇಸಿಗೆ ರಜೆ ಕೂತು ನೋಟ್ಸ್ ಬರೆದೆ. ಚಿತ್ರಗಳನ್ನೂ ನಾನೇ ಬಿಡಿಸಿದೆ. ಪಿಡಿಎಫ್ ಮಾಡಿ 150 ರೂಪಾಯಿಗೆ ಕೊಡುತ್ತಿದ್ದೆ. ಈಗ ಅದು ಟೆಲಿಗ್ರಾಂನಲ್ಲಿ ಪುಕ್ಕಟೆ ಓಡಾಡುತ್ತಿದೆ. ಇನ್ನೊಂದು ಕಡೆ ನನ್ನ ಹೆಸರು ತೆಗೆದು, ಯಾವುದೋ ಅಕಾಡೆಮಿಯ ಮುದ್ರೆ ಹಾಕಿ 49 ರೂಪಾಯಿಗೆ ಮಾರುತ್ತಿದ್ದಾರೆ. ಪಾಸ್‌ವರ್ಡ್ ಹಾಕಿದೆ, ಉಪಯೋಗವಾಗಲಿಲ್ಲ. ಈಗ ಒಂದು ಕಂಪನಿಯವರು ಆ್ಯಪ್ ಮಾಡಿಕೊಡುತ್ತಾರಂತೆ. ಸ್ಕ್ರೀನ್‌ಶಾಟ್ ಕೂಡ ಬರದ ಹಾಗೆ ಬೀಗ ಹಾಕುತ್ತಾರಂತೆ. ಹಾಕಿಸಲೇ? ನಿಮ್ಮ ಪತ್ರಿಕೆ ಈ ಕಳ್ಳತನದ ಬಗ್ಗೆ ಯಾಕೆ ಬರೆಯುವುದಿಲ್ಲ? ದೊಡ್ಡವರ ಪುಸ್ತಕ ಕದ್ದರೆ ಪೈರಸಿ, ಮೇಷ್ಟ್ರ ನೋಟ್ಸ್ ಕದ್ದರೆ ಜ್ಞಾನದಾಸೋಹವೇ?"
— ಒಬ್ಬ ಶಿಕ್ಷಕ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಬಂದ ದಿನ ನಮ್ಮ ಕಚೇರಿಯಲ್ಲಿ ಒಂದು ತಮಾಷೆ ನಡೆಯಿತು. ಪತ್ರದ ಜೊತೆ ಮಾದರಿಗೆಂದು 'ಜೀವಕ್ರಿಯೆಗಳು' ಪಾಠದ ಪಿಡಿಎಫ್ ಕಳಿಸಿದ್ದಿರಿ. ಅದು ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಬರೆಯೋದನ್ನು ನೀವು ಮರೆತಿದ್ದಿರಿ. ನಿಮ್ಮ ಊರಿನ ಹೆಸರು, ಶಾಲೆಯ ಹೆಸರು ಎಲ್ಲ ಹೊಡೆದು ನೋಡಿ ನಾನು ಒದ್ದಾಡುತ್ತಿದ್ದೆ. ಪುಟ ಕಟ್ಟುವ ಹುಡುಗ ಬಂದವನು ತನ್ನ ಫೋನಿನ ಟೆಲಿಗ್ರಾಂನಲ್ಲಿ ಏನೋ ಹುಡುಕಿದ. ಎರಡೇ ನಿಮಿಷ. "ಇದೇನಾ ಸಾರ್?" ಅಂದ. ಅದೇ! ಮಾನವ ಹೃದಯದ ಚಿತ್ರ, ಬಾಣದ ಗುರುತು, ಎಲ್ಲ ಸರಿಯಾಗಿತ್ತು. ನೀವು ಕಳಿಸಿದ್ದು ತೆರೆಯಲಿಲ್ಲ. ಕದ್ದವನು ಹಂಚಿದ್ದು ತೆರೆಯಿತು.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಆದರೆ ಈ ವಿಷಯ ಕೈಗೆ ಸಿಕ್ಕರೆ ನಾನು ಅರ್ಧಕ್ಕೆ ಬಿಡುವವನಲ್ಲ, ಹಳೆಯ ಓದುಗರಿಗೆ ಗೊತ್ತು. ಕಾಫಿ ಕುಡಿದು ಬಂದು ಓದಿ.

ಮೊದಲು ನಿಮ್ಮ ಕಡೆಯ ನ್ಯಾಯ ಒಪ್ಪಿಕೊಂಡುಬಿಡುತ್ತೇನೆ. ಹೆಸರು ಅಳಿಸಿ 49 ರೂಪಾಯಿಗೆ ಮಾರುವವನು ಕಳ್ಳ. ಎರಡು ಮಾತಿಲ್ಲ. ಎರಡು ರಜೆಯ ದುಡಿಮೆಗೆ ಬೆಲೆ ಇದೆ, ಮೇಷ್ಟ್ರಿಗೂ ಮನೆ ಬಾಡಿಗೆ ಇದೆ. ದೊಡ್ಡ ಪ್ರಕಾಶಕನಿಗೆ ಆಗುವ ನಷ್ಟವೂ ನಿಮಗೆ ಆಗುವ ನಷ್ಟವೂ ಒಂದೇ ಅಲ್ಲ. ಆಯಿತಾ? ಈಗ ನನ್ನ ತಕರಾರಿಗೆ ಬರುತ್ತೇನೆ.

ಆ ಮಾರುವ ಕಳ್ಳನನ್ನೂ, ಗೆಳೆಯನಿಗೆ ಫಾರ್ವರ್ಡ್ ಮಾಡಿದ ಹತ್ತನೇ ಕ್ಲಾಸಿನ ಹುಡುಗನನ್ನೂ ನೀವು ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಬೀಗವೂ ಇಬ್ಬರನ್ನೂ ಒಂದೇ ಅಂತ ನೋಡುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ದುಡ್ಡು ಕೊಟ್ಟವನನ್ನು ಅದು ಅವರಿಬ್ಬರಿಗಿಂತ ಜಾಸ್ತಿ ಗೋಳು ಹೊಯ್ದುಕೊಳ್ಳುತ್ತದೆ.

ನಮ್ಮದೇ ಕಥೆ ಕೇಳಿ. ಕೆಲವು ವರ್ಷದ ಹಿಂದೆ ನಮ್ಮ ಪತ್ರಿಕೆಯ ಪಿಡಿಎಫ್ ಪ್ರತಿಗೆ ಪಾಸ್‌ವರ್ಡ್ ಹಾಕಿದೆವು. ಚಂದಾದಾರರ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಬಹಳ ಜಾಣರು ನಾವು ಅಂದುಕೊಂಡಿದ್ದೆವು. ಮೂರು ತಿಂಗಳು ನಮ್ಮ ಫೋನು ಸುಮ್ಮನಿರಲಿಲ್ಲ. "ಮಗನ ನಂಬರ್ ಕೊಟ್ಟಿದ್ದೆ, ಅವನು ಸಿಮ್ ಬದಲಾಯಿಸಿದಾನೆ." "ಟ್ಯಾಬಿನಲ್ಲಿ ಬರುತ್ತೆ, ಫೋನಿನಲ್ಲಿ ಬರಲ್ಲ." ನಿವೃತ್ತ ತಹಸೀಲ್ದಾರರೊಬ್ಬರು, "ನಾನೇನು ಕಳ್ಳನೇನ್ರಿ, ಇಪ್ಪತ್ತು ವರ್ಷದಿಂದ ಚಂದಾ ಕಟ್ಟಿದೀನಿ" ಅಂತ ರೇಗಿದರು. ಈ ಕಡೆ ಬೀಗ ತೆಗೆದ ಪ್ರತಿ ಮೊದಲ ದಿನ ಬೆಳಗ್ಗೆಯೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿತ್ತು. ಅದರಲ್ಲಿ ಒಂದೇ ಒಂದು ಪುಟ ಕಮ್ಮಿ. ಯಾವ ಪುಟ ಹೇಳಿ? ಚಂದಾದಾರರಾಗಿ ಎಂಬ ಜಾಹೀರಾತಿನ ಪುಟ!

ನಾಲ್ಕನೇ ತಿಂಗಳು ಪಾಸ್‌ವರ್ಡ್ ತೆಗೆದೆವು. ಚಂದಾ ಏನೂ ಬಿದ್ದು ಹೋಗಲಿಲ್ಲ. ಏರಲೂ ಇಲ್ಲ, ಸುಳ್ಳು ಯಾಕೆ ಹೇಳಲಿ.

ಈಗ ಆ ಆ್ಯಪ್ ಕಂಪನಿ ಹೇಳುವ ಬೀಗದ ವಿಷಯ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ನಮ್ಮ ಹುಡುಗನಿಂದ ಬಿಡಿಸಿ ಕೇಳಿಕೊಂಡೆ. ಪಾಠದ ಫೈಲನ್ನು ಗೂಢಲಿಪಿ ಮಾಡಿ ಕೊಡುತ್ತಾರೆ. ಅದನ್ನು ಬಿಡಿಸುವ ಕೀಲಿ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ನಿಮ್ಮ ವಿದ್ಯಾರ್ಥಿ ಪುಟ ತೆರೆದಾಗ ಆ್ಯಪ್ ಹೋಗಿ ಕೀಲಿ ಕೇಳುತ್ತದೆ. ಒಂದು ಖಾತೆಗೆ ಒಂದೋ ಎರಡೋ ಫೋನು. ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಚಿತ್ರ. ಸರಿ. ಪಕ್ಕದಲ್ಲಿ ಇನ್ನೊಂದು ಫೋನ್ ಹಿಡಿದು ಫೋಟೋ ಹೊಡೆದರೆ? ಕಣ್ಣಿಗೆ ಕಾಣೋದನ್ನು ಕ್ಯಾಮೆರಾಗೆ ಕಾಣದ ಹಾಗೆ ಮಾಡುವ ಮಂತ್ರ ಯಾವ ಕಂಪನಿ ಹತ್ತಿರವೂ ಇಲ್ಲ. ಅಷ್ಟು ಮಾಡುವ ವ್ಯವಧಾನ ಇರೋದು ಮಾರುವವನಿಗೆ. ಅವನಿಗದು ಒಂದು ಮಧ್ಯಾಹ್ನದ ಕೆಲಸ. ನೆಟ್‌ವರ್ಕ್ ಸಿಗದ ಊರಿನ ಹುಡುಗಿಗೆ ಮಾತ್ರ ಪರೀಕ್ಷೆಯ ಹಿಂದಿನ ರಾತ್ರಿ ಕೀಲಿ ಸಿಗುವುದಿಲ್ಲ.

ಕಂಪನಿಯೇ ಮುಚ್ಚಿಹೋದರೆ? ನನ್ನ ತಂಗಿ ತನ್ನ ಮಗನಿಗೆ ಕಂತಿನಲ್ಲಿ ದುಡ್ಡು ಕಟ್ಟಿ ಪಾಠಗಳಿರುವ ಟ್ಯಾಬ್ಲೆಟ್ ಕೊಡಿಸಿದಳು. ಯಾವ ಕಂಪನಿ ಅಂತ ಬೇಡ ಬಿಡಿ. ಒಂದು ದಿನ ಲಾಗಿನ್ ಆಗುವುದು ನಿಂತಿತು. ಸಹಾಯವಾಣಿ ಹಾಡು ಕೇಳಿಸಿ ಕಟ್ ಆಗುತ್ತಿತ್ತು. ಕಂತು ಮಾತ್ರ ತಪ್ಪದೆ ಕಟ್ ಆಗುತ್ತಿತ್ತು! ಪಾಠಗಳೆಲ್ಲ ಆ ಟ್ಯಾಬಿನೊಳಗೇ ಇವೆ, ಈಗಲೂ ಇವೆ. ಕೀಲಿ ಇಟ್ಟುಕೊಂಡವರು ಮನೆ ಖಾಲಿ ಮಾಡಿದ್ದಾರೆ.

ಇದು ನಮ್ಮ ಮನೆಯ ಕರ್ಮ ಮಾತ್ರ ಅಂದುಕೊಳ್ಳಬೇಡಿ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಗಿರಾಕಿಗಳು ಕಾಸು ಕೊಟ್ಟು ಕೊಂಡಿದ್ದ ಪುಸ್ತಕವನ್ನು ಅವರ ಇ-ಪುಸ್ತಕ ಓದುವ ಯಂತ್ರ ಕಿಂಡಲ್‌ನಿಂದ ಹೇಳದೆ ಕೇಳದೆ ಅಳಿಸಿತು. ಮಾರಿದವನಿಗೆ ಹಕ್ಕು ಇರಲಿಲ್ಲ ಅಂತ ಕಾರಣ. ಅಳಿಸಿದ್ದು ಯಾವ ಪುಸ್ತಕ ಗೊತ್ತಾ? ಆರ್ವೆಲ್‌ನ '1984'. ಪ್ರಭುತ್ವ ಬೇಡವಾದ ಕಾಗದವನ್ನೆಲ್ಲ ಸುಟ್ಟು ಹಾಕುವ ಕಥೆ! ಅಮೆರಿಕದ ಒಬ್ಬ ಹೈಸ್ಕೂಲ್ ಹುಡುಗ ಶಾಲೆಯ ಕೆಲಸಕ್ಕೆ ಅದರಲ್ಲಿ ಟಿಪ್ಪಣಿ ಮಾಡಿಕೊಂಡಿದ್ದ. ಪುಸ್ತಕ ಹೋದ ಮೇಲೆ ಯಾವ ಟಿಪ್ಪಣಿ ಯಾವ ಸಾಲಿಗೆ ಅಂತ ತಿಳಿಯದೆ ಕೋರ್ಟಿಗೆ ಹೋದ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ವಾಪಸ್ ಕೊಟ್ಟರು, ಪುಸ್ತಕಗಳು ಹೋದವು. ಗಾಂಧಿ ಬಜಾರಿನ ಅಂಗಡಿ ಮುಚ್ಚಿದರೆ ಅಲ್ಲಿ ಕೊಂಡ ಪುಸ್ತಕ ನಿಮ್ಮ ಕಪಾಟಿನಿಂದ ಎದ್ದು ಹೋಗುತ್ತದೆಯೇ?

ಬೀಗದಿಂದ ಎಲ್ಲರಿಗಿಂತ ಜಾಸ್ತಿ ಪೆಟ್ಟು ತಿನ್ನುವವರು ಕಣ್ಣು ಕಾಣದವರು. ನಮ್ಮಲ್ಲಿ ಇದಕ್ಕೆ ಇನ್ನೊಂದು ವಿಚಿತ್ರ ಸೇರಿಕೊಂಡಿದೆ. ನುಡಿಯಂಥ ಹಳೆಯ ಫಾಂಟಿನಲ್ಲಿ ಕಂಪೋಸ್ ಮಾಡಿದ ಕನ್ನಡ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಡಿ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಕಿರೀಟ, ಚುಕ್ಕಿ ಇಟ್ಟ ಹಾಗೆ ಏನೋ ಬರುತ್ತದೆ. ಯಾರೂ ಬೇಕಂತ ಹಾಕಿದ ಬೀಗವಲ್ಲ ಅದು. ಆದರೂ ಬೀಗವೇ. ಮೈಸೂರಿನಲ್ಲಿ ನಮಗೊಬ್ಬ ಓದುಗರಿದ್ದಾರೆ, ಅಂಧರು, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ನಮ್ಮ ಹಳೆಯ ಸಂಚಿಕೆಗಳನ್ನು ಅವರ ಕಂಪ್ಯೂಟರ್ ಹೇಗೆ ಓದುತ್ತದೆ ಅಂತ ಫೋನಿನಲ್ಲೇ ಕೇಳಿಸಿದರು. "ನಿಮ್ಮ ಸಂಪಾದಕೀಯ ಇದು ಸಾರ್" ಅಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಳ್ಳ ಆ ಪಿಡಿಎಫನ್ನು ಇಡಿಯಾಗಿ ಹಂಚುತ್ತಾನೆ, ಅವನಿಗೆ ಫಾಂಟು ಕಟ್ಟಿಕೊಂಡು ಏನಾಗಬೇಕು? ಹೊರಗೆ ಉಳಿದದ್ದು ಈ ಮನುಷ್ಯ ಒಬ್ಬರೇ.

ಅಂಧರಿಗೆ ಓದಲು ಬರುವ ಹಾಗೆ ಪುಸ್ತಕವನ್ನು ನಕಲು ಮಾಡಲು ಬಿಡಬೇಕು ಅನ್ನುವ ಮರ‍್ರಾಕೇಶ್ ಒಪ್ಪಂದಕ್ಕೆ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು, 2014ರಲ್ಲಿ. ಅದಕ್ಕೂ ಮೊದಲೇ, 2012ರ ತಿದ್ದುಪಡಿಯಲ್ಲಿ ನಮ್ಮ ಕಾಪಿರೈಟ್ ಕಾಯ್ದೆಗೆ ಈ ವಿನಾಯಿತಿ ಸೇರಿತ್ತು. ಅದೇ ತಿದ್ದುಪಡಿಯಲ್ಲಿ 65ಎ ಅಂತ ಒಂದು ಕಲಂ ಬಂತು. ಹಕ್ಕು ಕದಿಯುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಆದರೆ ಕಾಯ್ದೆ ಬೇಡ ಅನ್ನದ ಕೆಲಸಕ್ಕಾಗಿ ಒಡೆದರೆ ತಪ್ಪಿಲ್ಲ ಅಂತ ಅದರಲ್ಲೇ ಬರೆದಿದೆ. ಅಂದರೆ ಅಂಧ ವಿದ್ಯಾರ್ಥಿ ನಿಮ್ಮ ಬೀಗ ಒಡೆಯಬಹುದು. ಒಡೆಯುವುದು ಹೇಗೆ ಅಂತ ಅವನಿಗೆ ಹೇಳಿಕೊಡುವವರು ಯಾರು, ಅದು ಬೇರೆ ಮಾತು.

ನಕಲು ಅಂದ ತಕ್ಷಣ ನಾವು ಪರೀಕ್ಷಾ ಕೊಠಡಿ ನೆನೆದು ಮುಖ ಗಂಟಿಕ್ಕುತ್ತೇವೆ. ನಾನು ಓದಿದ್ದೇ ನಕಲಿನಿಂದ ಮೇಷ್ಟ್ರೇ. ಪಿಯುಸಿಯಲ್ಲಿ ನನ್ನ ಭೌತಶಾಸ್ತ್ರದ ನೋಟ್ಸು ಅಣ್ಣನ ಗೆಳೆಯನದು. ಅವನಿಗೆ ಅದು ಅವನ ಸೀನಿಯರ್ ಕೊಟ್ಟದ್ದು. ಮೊದಲ ಪುಟದಲ್ಲಿ ನಾಲ್ಕು ಹೆಸರು, ಒಂದರ ಕೆಳಗೊಂದು, ಬೇರೆ ಬೇರೆ ಶಾಯಿಯಲ್ಲಿ. ತುದಿಯಲ್ಲಿ ಪಾಠ ಹೇಳಿದ ಲೆಕ್ಚರರ ಹೆಸರು. ಯಾರೂ ಯಾರ ಹೆಸರನ್ನೂ ಹೊಡೆದು ಹಾಕಿರಲಿಲ್ಲ. ಐದನೆಯದು ನನ್ನದು ಬರೆದೆ. ಆ ಪುಸ್ತಕ ಈಗ ಎಲ್ಲಿದೆಯೋ.

ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆ ನಿಮಗೆ ನೆನಪಿರಬಹುದು. ಇಲ್ಲದಿದ್ದರೆ ಹೇಳುತ್ತೇನೆ, ಹೇಳಲು ಖುಷಿ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಅಂತ ಒಂದು ಪುಟ್ಟ ಅಂಗಡಿ. ಪಠ್ಯಕ್ರಮದಲ್ಲಿರುವ ಬೇರೆ ಬೇರೆ ಪುಸ್ತಕಗಳ ಬೇಕಾದ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ, ಸೇರಿಸಿ ಹೊಲಿದು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದರು. ಅಂಥ ಅಂಗಡಿ ಇಲ್ಲದ ಕಾಲೇಜು ರಸ್ತೆ ನಮ್ಮಲ್ಲಿ ಯಾವುದಿದೆ? 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಆ್ಯಂಡ್ ಫ್ರಾನ್ಸಿಸ್ ಮೂವರೂ ಸೇರಿ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ಕೇಸು ಹಾಕಿದರು. ಕೇಳಿದ ಪರಿಹಾರ 60 ಲಕ್ಷ ರೂಪಾಯಿ. ಅಮರ್ತ್ಯ ಸೇನ್ ಅಂಥವರೇ, ಕೇಸು ಬಿಡಿ ಅಂತ ಪ್ರಕಾಶಕರಿಗೆ ಪತ್ರ ಬರೆದರು. 2016ರ ಸೆಪ್ಟೆಂಬರ್ 16ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಕೇಸು ವಜಾ ಮಾಡಿದರು. ಕಾಪಿರೈಟ್ ಎನ್ನುವುದು ದೇವರು ಕೊಟ್ಟ ಹಕ್ಕಲ್ಲ, ಓದುವ ಜನ ಬೆಳೆಯಲಿ ಅಂತ ಮಾಡಿಕೊಂಡ ಏರ್ಪಾಡು ಅನ್ನುವ ಧಾಟಿಯಲ್ಲಿ ಬರೆದರು. ಆ ತೀರ್ಪಿನಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು ನೆನಪು. ತಾವು ಕಾನೂನು ಓದುತ್ತಿದ್ದಾಗ ಜೆರಾಕ್ಸ್ ದುಬಾರಿ, ಹಾಗಾಗಿ ವಿದ್ಯಾರ್ಥಿಗಳು ಸರದಿಯ ಮೇಲೆ ಗ್ರಂಥಾಲಯದಲ್ಲಿ ಕೂತು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು ಅಂತ ನ್ಯಾಯಮೂರ್ತಿಗಳು ಹೇಳಿದ್ದಾರೆ. ಕೈ ಮಾಡಿದರೆ ತಪ್ಪಲ್ಲದ್ದು ಯಂತ್ರ ಮಾಡಿದರೆ ತಪ್ಪಾಗುತ್ತದೆಯೇ? ಅದೇ ಡಿಸೆಂಬರಿನಲ್ಲಿ ವಿಭಾಗೀಯ ಪೀಠ, ಪಾಠಕ್ಕೆ ಎಷ್ಟು ಬೇಕೋ ಅಷ್ಟು ನಕಲು ಮಾಡಬಹುದು ಎಂಬ ತತ್ವ ಒಪ್ಪಿತು. ಅದು ನಿಜವಾಗಿ ಪಾಠಕ್ಕೆ ಬೇಕಿತ್ತೇ ಅನ್ನುವುದನ್ನು ವಿಚಾರಣೆಗೆ ಬಿಟ್ಟಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ತಾವೇ ಕೇಸಿನಿಂದ ಹೊರಗೆ ಬಂದರು.

"ಸರಿ ಸ್ವಾಮಿ, ನಾನು ಆಕ್ಸ್‌ಫರ್ಡ್ ಅಲ್ಲವಲ್ಲ" ಎನ್ನುತ್ತೀರಿ. ನಿಜ. ಆದರೆ ನೀವು ಪೂರ್ತಿ ಬಡಪಾಯಿಯೂ ಅಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ನೋಟ್ಸಿನ ಪಾಠಗಳ ಸಾಲು ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಪುಸ್ತಕದ್ದು. ನಮ್ಮ ರಾಜ್ಯ ಅದನ್ನೇ ಕನ್ನಡಕ್ಕೆ ತಂದು ಇಟ್ಟುಕೊಂಡಿದೆ. ಕೊನೆಯ ಪ್ರಶ್ನೆಗಳನ್ನು ಇದ್ದ ಹಾಗೇ ಇಳಿಸಿ ಉತ್ತರ ಬರೆದಿದ್ದೀರಿ. ಎನ್‌ಸಿಇಆರ್‌ಟಿ ತನ್ನ ಪುಸ್ತಕಗಳನ್ನು ಜಾಲತಾಣದಲ್ಲಿ ಪುಕ್ಕಟೆ ಕೊಡುತ್ತದೆ. ಆದರೆ ಅನುಮತಿ ಇಲ್ಲದೆ ಅವನ್ನು ಬಳಸಿ ವ್ಯಾಪಾರ ಮಾಡುವವರಿಗೆ 2024ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ನೀವು ಅನುಮತಿ ಕೇಳಿದ್ದಿರಾ? ಇನ್ನು 'ದ್ಯುತಿಸಂಶ್ಲೇಷಣೆ' ಅನ್ನುವ ಪದ. ಅದನ್ನು ಮೊದಲು ಕಟ್ಟಿದವನಿಗೆ ಪುಟಕ್ಕೆ ಹತ್ತು ಪೈಸೆ ಕೊಡಬೇಕು ಅಂದಿದ್ದರೆ ನಿಮ್ಮ ಮೊದಲ ಅಧ್ಯಾಯವೇ ಮುಗಿಯುತ್ತಿರಲಿಲ್ಲ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಸೇರಿ 'ವಿಜ್ಞಾನ' ಅಂತ ಮಾಸಪತ್ರಿಕೆ ಹೊರಡಿಸಿದರು. ಅವತ್ತಿನಿಂದ ಕನ್ನಡದ ವಿಜ್ಞಾನದ ಮಾತು ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ಸಾಲ ಹೋಗುತ್ತಲೇ ಬಂದಿದೆ.

ಅತ್ತಿಮಬ್ಬೆಯ ಹೆಸರು ಇನ್ನೂ ಯಾಕೆ ಬಂದಿಲ್ಲ ಅಂತ ಕಾಯುತ್ತಿದ್ದಿರಿ ಅಲ್ವಾ? ಬಂತು. ಹತ್ತನೇ ಶತಮಾನದಲ್ಲಿ ಆಕೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಓಲೆ ಪ್ರತಿ ಮಾಡಿಸಿ ಹಂಚಿದಳು. ಕಾಸು ಕೊಟ್ಟು ಬರೆಸಿದಳು, ಪುಕ್ಕಟೆ ಡೌನ್‌ಲೋಡ್ ಮಾಡಲಿಲ್ಲ ಅಂತ ನೀವು ಹೇಳಬಹುದು. ಒಪ್ಪಿದೆ. ಆದರೆ ಪೊನ್ನನ ಹೆಸರು ಆ ಸಾವಿರ ಪ್ರತಿಯಲ್ಲಿ ಒಂದರಿಂದಲೂ ಆಕೆ ಕೆರೆದು ತೆಗೆಯಲಿಲ್ಲ. ಓಲೆಗರಿ ಬರೆಯುತ್ತಿದ್ದ ಲಿಪಿಕಾರರು ಕೊನೆಯಲ್ಲಿ ಒಂದು ಶ್ಲೋಕ ಬರೆಯುವ ರೂಢಿ ಇತ್ತು. 'ಭಗ್ನಪೃಷ್ಠಕಟಿಗ್ರೀವ' ಅಂತ ಶುರುವಾಗುತ್ತದೆ. ಬೆನ್ನು, ಸೊಂಟ, ಕತ್ತು ಮುರಿದುಕೊಂಡು, ಕಣ್ಣು ನೆಟ್ಟು, ತಲೆ ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ ಅಂತ. ನಕಲು ಮಾಡಬೇಡಿ ಅಂತ ಆ ಪುಣ್ಯಾತ್ಮ ಹೇಳಲಿಲ್ಲ ನೋಡಿ. ಹಾಳು ಮಾಡಬೇಡಿ ಅಂದ.

ನಿಮ್ಮ ಹೃದಯದ ಚಿತ್ರವನ್ನು ನಾನು ಟೆಲಿಗ್ರಾಂ ಪ್ರತಿಯಲ್ಲೇ ನೋಡಿದೆ ಅಂದೆನಲ್ಲ. ಬಲಗಡೆ ಕೆಳಗೆ ನಿಮ್ಮ ಸಹಿ ಇದ್ದ ಮೂಲೆಯನ್ನು ನೀಟಾಗಿ ಕತ್ತರಿಸಿದ್ದಾರೆ. ಆಗ ನನಗೂ ಹೊಟ್ಟೆ ಉರಿಯಿತು. ಅದೇ ನನ್ನ ಸಿಟ್ಟಿನ ಜಾಗ. ಪ್ರತಿ ಹೋದರೆ ಹೋಗಲಿ, ಹೆಸರು ಹೋಗಬಾರದು. ಇದಕ್ಕೆ ಕಾನೂನು ಇದೆ, ಯಾರೂ ಬಳಸುವುದಿಲ್ಲ. ಕಾಪಿರೈಟ್ ಕಾಯ್ದೆಯ 57ನೇ ಕಲಂ ಪ್ರಕಾರ ನೀವು ಹಕ್ಕನ್ನೇ ಮಾರಿಕೊಂಡರೂ ಇದು ನಾನು ಬರೆದದ್ದು ಅಂತ ಹೇಳುವ ಅಧಿಕಾರ ನಿಮಗೆ ಉಳಿಯುತ್ತದೆ. 65ಬಿ ಇನ್ನೂ ನೇರ. ಕೃತಿಯಲ್ಲಿ ಸೇರಿಸಿದ ಲೇಖಕನ ಹೆಸರಿನಂಥ ಹಕ್ಕಿನ ಮಾಹಿತಿಯನ್ನು ಗೊತ್ತಿದ್ದೂ ಅಳಿಸಿದರೆ ಎರಡು ವರ್ಷದವರೆಗೆ ಜೈಲು, ದಂಡ. ಎಲ್ಲರ ಬಾಯಲ್ಲೂ ಬೀಗದ 65ಎ. ಪಕ್ಕದ ಮನೆಯ 65ಬಿಯನ್ನು ಮಾತಾಡಿಸುವವರಿಲ್ಲ.

ಹಾಗಾಗಿ ಆ್ಯಪಿನ ದುಡ್ಡು ಉಳಿಸಿ ಇದನ್ನು ಮಾಡಿ. ಹೆಸರನ್ನು ಮೂಲೆಯಲ್ಲಿ ಬರೆಯಬೇಡಿ, ಚಿತ್ರದ ನಡುವೆ ಬರೆಯಿರಿ. ಮಹಾಧಮನಿಯ ಬಾಣದ ಪಕ್ಕದಲ್ಲೇ ಬರಲಿ, ಕತ್ತರಿಸಿದರೆ ಧಮನಿಯೂ ಹೋಗಲಿ. ಉದಾಹರಣೆಗಳು ನಿಮ್ಮ ಊರಿನವೇ ಇರಲಿ. ಸಂತೆಯಲ್ಲಿ ಅಜ್ಜಿ ತಕ್ಕಡಿ ಹಿಡಿದದ್ದು, ನಿಮ್ಮ ಶಾಲೆಯ ಹಿಂದಿನ ಕೆರೆಯ ಪಾಚಿ. ಅವನ್ನೆಲ್ಲ ತಿದ್ದುವಷ್ಟು ಸೋಮಾರಿಯಲ್ಲದವನು ಕಳ್ಳತನಕ್ಕೆ ಯಾಕೆ ಬರುತ್ತಾನೆ? ಅಮೆರಿಕದಲ್ಲಿ ನಕ್ಷೆ ಮಾಡುವ ಕಂಪನಿಯೊಂದು 1930ರ ದಶಕದಲ್ಲಿ ಇಲ್ಲದ ಊರೊಂದನ್ನು ನಕ್ಷೆಯಲ್ಲಿ ಹಾಕಿತ್ತು. ಅಗ್ಲೋ ಅಂತ ಹೆಸರು. ಬೇರೆಯವರ ನಕ್ಷೆಯಲ್ಲಿ ಆ ಊರು ಬಂದರೆ ಕದ್ದದ್ದು ಗೊತ್ತಾಗಲಿ ಅಂತ. ಮುಂದೆ ನಕ್ಷೆ ನೋಡಿದ ಯಾರೋ ಆ ಜಾಗದಲ್ಲಿ ಅದೇ ಹೆಸರಿನ ಅಂಗಡಿ ತೆರೆದರು! ನೀವು ಮಾತ್ರ ಕಳ್ಳನನ್ನು ಹಿಡಿಯಲು ನೋಟ್ಸಿನಲ್ಲಿ ತಪ್ಪು ಸೇರಿಸಬೇಡಿ. ಪರೀಕ್ಷೆ ಬರೆಯುವವನು ಕಳ್ಳನಲ್ಲ, ಹುಡುಗ.

ಮಾರುವವನನ್ನು ಬಿಡಬೇಡಿ. ಕೃತಿ ನಿಮ್ಮದೇ ಅನ್ನುವುದಕ್ಕೆ ದಾಖಲೆ ಇಟ್ಟು ಆ ವೇದಿಕೆಯ ದೂರು ಅಧಿಕಾರಿಗೆ ಬರೆಯಿರಿ. ಕಾಪಿರೈಟ್ ನಿಯಮಗಳಂತೆ ಸರಿಯಾದ ನೋಟಿಸ್ ಹೋದರೆ 36 ಗಂಟೆಯಲ್ಲಿ ಕೊಂಡಿ ತಡೆಯಬೇಕು. ಆದರೆ 21 ದಿನದೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಹೈಸ್ಕೂಲ್ ಮೇಷ್ಟ್ರು 21 ದಿನದಲ್ಲಿ ಕೋರ್ಟಿನ ಆದೇಶ ತರಬೇಕಂತೆ! ಈ ನಿಯಮ ಬರೆದವರು ಯಾವ ಕೋರ್ಟಿನ ಮೆಟ್ಟಿಲು ಹತ್ತಿದ್ದರೋ. ದೆಹಲಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಕಲಿಸುವ ನೀತು ಸಿಂಗ್ ಎಂಬ ಶಿಕ್ಷಕಿ ನಿಮ್ಮದೇ ಕಷ್ಟಕ್ಕೆ ಟೆಲಿಗ್ರಾಂ ಮೇಲೆ ಹೈಕೋರ್ಟಿಗೆ ಹೋದರು. ಒಂದು ಚಾನೆಲ್ ಮುಚ್ಚಿದರೆ ಇನ್ನೊಂದು ಏಳುತ್ತಿತ್ತು. ನಮ್ಮ ಸರ್ವರ್ ಸಿಂಗಪುರದಲ್ಲಿದೆ, ಬಳಕೆದಾರರ ವಿವರ ಕೊಡಲಾಗದು ಅಂತ ಟೆಲಿಗ್ರಾಂ ವಾದಿಸಿತು. 2022ರ ಆಗಸ್ಟ್‌ನಲ್ಲಿ ಕೋರ್ಟು ಆ ವಾದ ಒಪ್ಪದೆ, ಚಾನೆಲ್ ನಡೆಸುವವರ ವಿವರ ಕೊಡಿ ಅಂತ ಆದೇಶಿಸಿತು. ಕೊಟ್ಟರು. ದಾರಿ ಇದೆ, ಬಸ್ ಚಾರ್ಜು ಜಾಸ್ತಿ.

ಹೊಟ್ಟೆಯಲ್ಲಿರುವ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಿಮ್ಮ ನೋಟ್ಸಿಗೆ ಮಕ್ಕಳು ಯಾಕೆ ಮುಗಿಬಿದ್ದರು? ಕನ್ನಡದಲ್ಲಿ ಅಷ್ಟು ಸಲೀಸಾಗಿ ಬರೆದದ್ದು ಬೇರೆ ಸಿಗಲಿಲ್ಲ, ಅದಕ್ಕೆ. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಎನ್‌ಪಿಟಿಇಎಲ್ ಎಂಬ ಕಾಲೇಜು ಮಟ್ಟದ ವಿಡಿಯೋ ಪಾಠಗಳನ್ನು ಬೀಗವಿಲ್ಲದೆ ಯೂಟ್ಯೂಬಿನಲ್ಲಿ ಸುರಿದಿವೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಹೆಸರು ಹೇಳಿ ಯಾರು ಬೇಕಾದರೂ ಬಳಸಿ ಅಂತ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಅವತ್ತು ನಮ್ಮ ಕಚೇರಿಯಲ್ಲಿ ಮೈಸೂರು ಪಾಕ್ ಹಂಚಿದ್ದೆ. ಆದರೆ ಜನರ ತೆರಿಗೆಯಿಂದ ಬರೆಸಿದ ಕನ್ನಡದ ಎಷ್ಟೋ ವಿಜ್ಞಾನದ ಪುಸ್ತಕಗಳು ಇವತ್ತು ಮರುಮುದ್ರಣವೂ ಇಲ್ಲ, ಪಿಡಿಎಫೂ ಇಲ್ಲ. ಅಚ್ಚು ಹಾಕುವುದಿಲ್ಲ, ಬೇರೆಯವರು ಹಾಕಿದರೆ ಹಕ್ಕು ನಮ್ಮದು ಅನ್ನುತ್ತಾರೆ. ಹಕ್ಕು ಸರ್ಕಾರದ್ದಾದರೆ ಪುಸ್ತಕ ಪ್ರಕಟವಾಗಿ 60 ವರ್ಷ, ಲೇಖಕನದಾದರೆ ಆತ ತೀರಿಕೊಂಡು 60 ವರ್ಷ ಆಗುವ ತನಕ ಕಾಯಬೇಕು. ಅಷ್ಟರಲ್ಲಿ ಗೆದ್ದಲಿಗೆ ಯಾರ ಅನುಮತಿಯೂ ಬೇಡ.

ಈ ಕಡೆ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ 6,000 ಕೋಟಿ ರೂಪಾಯಿ ಕೊಟ್ಟಿತು, ಮೂರು ವರ್ಷಕ್ಕೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ವಿಶ್ವವಿದ್ಯಾಲಯಗಳಿಗೆ ಸಿಗಲಿ ಅಂತ. ಒಳ್ಳೆಯದೇ, ಸಂಶೋಧಕರು ಓದಲಿ. ಆದರೆ ನಮ್ಮ ಪ್ರೊಫೆಸರುಗಳು ಸರ್ಕಾರಿ ಸಂಬಳದಲ್ಲಿ ಸಂಶೋಧನೆ ಮಾಡಿ, ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟು, ಅದನ್ನೇ ನಾವು ಮತ್ತೆ ದುಡ್ಡು ಕೊಟ್ಟು ಬಿಡಿಸಿಕೊಂಡು ಬರುತ್ತೇವೆ. ಅದರಲ್ಲಿ ಒಂದೇ ಒಂದು ಕೋಟಿಯನ್ನು ನಿಮ್ಮಂಥ ಮೇಷ್ಟ್ರುಗಳಿಗೆ ಮೊದಲೇ ಕೊಟ್ಟು, ಹೆಸರು ಹಾಕಿ, ಹತ್ತನೇ ಕ್ಲಾಸಿನ ನೋಟ್ಸನ್ನು ಎಲ್ಲ ಮಕ್ಕಳಿಗೂ ಬಿಟ್ಟಿದ್ದರೆ 49 ರೂಪಾಯಿಯ ಅಕಾಡೆಮಿಯವನು ಏನನ್ನು ಮಾರುತ್ತಿದ್ದ ಹೇಳಿ?

ಉತ್ತರ ಉದ್ದವಾಯಿತು. ಎರಡು ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಒಂದು, ಮುಂದಿನ ಸಂಚಿಕೆಯ ಶಾಲಾ ಪುಟದಲ್ಲಿ ನಿಮ್ಮ ಹೃದಯದ ಚಿತ್ರವನ್ನು ದೊಡ್ಡದಾಗಿ ಹಾಕಬೇಕು ಅಂತ ಇದ್ದೇವೆ. ಹೆಸರು ಬೇಡ ಎಂದಿದ್ದೀರಿ, ಆ ಹಟ ಬಿಟ್ಟು ಸಹಿ ಇರುವ ಮೂಲ ಚಿತ್ರ ಕಳಿಸಿ, ಸಂಭಾವನೆ ಕೊಡುತ್ತೇವೆ. ಎರಡು, ನಿಮ್ಮ ನಂಬರಿಗೆ 150 ರೂಪಾಯಿ ಹಾಕಿದ್ದೇನೆ. ಟೆಲಿಗ್ರಾಂ ಪ್ರತಿ ಪೂರ್ತಿ ಓದಿಬಿಟ್ಟೆ, ಅದಕ್ಕೆ. ನೀವು ಕಳಿಸಿದ ಫೈಲು ಇನ್ನೂ ತೆರೆದಿಲ್ಲ. ಪಾಸ್‌ವರ್ಡ್ ನೆನಪಾದರೆ ತಿಳಿಸಿ.

— ಸಂ.